ಕೀಳುತನ ಹುಟ್ಟಿನಿಂದ ಬರುತ್ತಾ, ಕಲಿತು ಬರುತ್ತಾ? ಧರ್ಮವೇ ಕಲಿಸಿದ್ದರೆ ಅದು ಬದಲಾಗುತ್ತಾ?

ಸಿಟ್ಟು, ಹೊಟ್ಟೆಕಿಚ್ಚು ಹುಟ್ಟಿನಿಂದಲೇ ಇರಬಹುದು. ಎರಡು ವರ್ಷದ ಮಗುವಿನ ಆಟಿಕೆ ಕಸಿದುಕೊಂಡರೆ ಅದು ಕಚ್ಚುತ್ತೆ, ಅದಕ್ಕೆ ಯಾರೂ ಪಾಠ ಮಾಡಿರುವುದಿಲ್ಲ. ಆದರೆ ಯಾರನ್ನು ಕೀಳಾಗಿ ಕಾಣಬೇಕು ಅನ್ನೋದು ಮಾತ್ರ ಕಲಿತದ್ದೇ. ನನ್ನದೇ ಕಥೆ ಹೇಳ್ತೀನಿ.

ನಮ್ಮದು ತೀರ್ಥಹಳ್ಳಿ ಕಡೆ. ಅಡಿಕೆ ತೋಟ. ಕೆಲಸಕ್ಕೆ ಬರುತ್ತಿದ್ದ ಹೆಂಗಸರಿಗೆ ಹಿತ್ತಲ ಮಾಡಿನ ಸಂದಿಯಲ್ಲಿ ಬೇರೆ ಲೋಟ ಇಟ್ಟಿರುತ್ತಿದ್ದರು. ಅವರು ಅದನ್ನು ತಾವೇ ತೆಗೆದು, ತೊಳೆದು, ಹಿಡಿಯಬೇಕು. ನಾವು ಮೇಲಿನಿಂದ ಕಾಫಿ ಹೊಯ್ಯಬೇಕು, ಪಾತ್ರೆ ಲೋಟಕ್ಕೆ ತಾಗಬಾರದು. ಒಂದು ದಿನ ಅಜ್ಜಿ ಒಳಗಿದ್ದಾಗ ಅವರಲ್ಲಿ ಒಬ್ಬಾಕೆಗೆ ನಾನೇ ಕಾಫಿ ಹಾಕಲು ಹೋದೆ. ಆರು ವರ್ಷ ಇರಬೇಕು. ನನ್ನ ಕೈ ತಾನಾಗಿ ಮೇಲೆ ಹೋಯಿತು, ಅರ್ಧ ಕಾಫಿ ಆಕೆಯ ಕೈಮೇಲೆ ಬಿತ್ತು. ಬಿಸಿ ಇತ್ತು. ಆಕೆ ನಕ್ಕು ಸೆರಗಿಗೆ ಒರೆಸಿಕೊಂಡಳು. 'ಹೀಗೆ ಮಾಡು' ಅಂತ ನನಗೆ ಯಾರೂ ಹೇಳಿರಲಿಲ್ಲ. ನೋಡಿದ್ದೆ, ಅಷ್ಟೇ. ಅಜ್ಜಿ ಕೆಟ್ಟವಳೇನಲ್ಲ, ಆ ಹೆಂಗಸಿನ ಮಗುವಿಗೆ ಜ್ವರ ಬಂದರೆ ಕಷಾಯ ಮಾಡಿ ಕಳಿಸುತ್ತಿದ್ದಳು. ಲೋಟ ಮಾತ್ರ ಬೇರೆ.

1961ರಲ್ಲಿ ಬಂಡುರಾ ಅನ್ನೋ ಮನಶ್ಶಾಸ್ತ್ರಜ್ಞ 72 ಮಕ್ಕಳ ಮೇಲೆ ಮಾಡಿದ ಪ್ರಯೋಗವೂ ಇದನ್ನೇ ತೋರಿಸಿತು. ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳಲ್ಲಿ ಬಹಳಷ್ಟು ಮಂದಿ ಹಾಗೇ ಹೊಡೆದರು, ಕೆಲವರು ದೊಡ್ಡವರು ಆಡಿದ ಮಾತನ್ನೇ ಆಡಿದರು ಕೂಡ.

ಇನ್ನು ಧರ್ಮ. 'ತಪ್ಪಾಯಿತು' ಅಂತ ಒಪ್ಪಿಕೊಂಡು ಧರ್ಮ ಬದಲಾಗುವುದು ಕಡಿಮೆ. ಹಳೆಯದರ ಜಾಗಕ್ಕೆ ಅದರಂಥದ್ದೇ ಇನ್ನೊಂದನ್ನು ತಂದು ಕೂರಿಸುತ್ತೆ. 13ನೇ ಶತಮಾನದಲ್ಲಿ ಮಧ್ವಾಚಾರ್ಯರು ಯಜ್ಞಕ್ಕೆ ಜೀವಂತ ಪಶು ಬೇಡ, ಹಿಟ್ಟಿನಲ್ಲಿ ಮಾಡಿದ ಪಶು ಸಾಕು ಅಂದರು. ಯಜ್ಞವೂ ಉಳಿಯಿತು, ಆಡೂ ಉಳಿಯಿತು, ಹಿರಿಯರನ್ನು ಬೈಯುವ ಪ್ರಮೇಯವೂ ಬರಲಿಲ್ಲ. ಅವರೇ ಸ್ಥಾಪಿಸಿದ ಉಡುಪಿಯ ಕೃಷ್ಣಮಠದಲ್ಲಿ ಬ್ರಾಹ್ಮಣರು ಉಂಡ ಎಲೆಯ ಮೇಲೆ ಜನ ಹೊರಳುವ ಮಡೆಸ್ನಾನ ಇತ್ತಲ್ವಾ, ಅದೂ ಹೀಗೇ ಹೋಯಿತು: ಮೊದಲು ಉಂಡ ಎಲೆಯ ಬದಲು ನೈವೇದ್ಯ ಬಡಿಸಿದ ಎಲೆ ಬಂತು, ಅದಕ್ಕೆ ಎಡೆಸ್ನಾನ ಅಂದರು, 2018ರಲ್ಲಿ ಅದೂ ನಿಂತಿತು. ಆಡಿಗೆ ಸಿಕ್ಕ ಕರುಣೆ ಮನುಷ್ಯನಿಗೆ ಸಿಗಲು ಏಳುನೂರು ವರ್ಷ ಜಾಸ್ತಿ ಹಿಡಿಯಿತು ಅಂತ ನನಗೆ ಅನ್ನಿಸಿದ್ದುಂಟು.

ಧರ್ಮ ಹಿಂದಕ್ಕೂ ಹೋಗುತ್ತೆ, ಮರೀಬೇಡಿ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿಸಿದರು, ಅದಕ್ಕಾಗಿ ದೊರೆ ಬಿಜ್ಜಳ ಆ ಇಬ್ಬರು ಅಪ್ಪಂದಿರನ್ನು ಆನೆ ಕಾಲಿಗೆ ಕಟ್ಟಿ ಎಳೆಸಿದ ಅಂತ ಕಥೆ ಇದೆ. ಈಗ ಅದೇ ಶರಣರನ್ನು ನೆನೆಯುವವರ ವಧೂವರರ ಜಾಹೀರಾತು ತೆಗೆದು ನೋಡಿ, ಒಳಪಂಗಡ ಯಾವುದು ಅಂತ ಮೊದಲೇ ಬರೆದಿರುತ್ತೆ.

ನಮ್ಮ ಮನೆಯ ಲೋಟದ ಕಥೆಯೂ ಹಾಗೇ ಮುಗಿಯಿತು. ಯಾರೂ ಜಗಳ ಆಡಲಿಲ್ಲ, ಕ್ಷಮೆ ಕೇಳಲಿಲ್ಲ. ಒಂದು ವರ್ಷ ಅಡಿಕೆ ಕೊಯ್ಲಿಗೆ ಚಿಕ್ಕಪ್ಪ ಪೇಟೆಯಿಂದ ಪೇಪರ್ ಲೋಟದ ಕಟ್ಟು ತಂದರು, ತೊಳೆಯುವ ಕೆಲಸ ತಪ್ಪಲಿ ಅಂತ. ಎಲ್ಲರೂ ಅದರಲ್ಲೇ ಕುಡಿದರು. ಮಾಡಿನ ಸಂದಿಯ ಲೋಟಗಳು ಗುಜರಿಗೆ ಹೋದವು. ಮೊನ್ನೆ ಊರಿಗೆ ಹೋದಾಗ ನನ್ನ ಮಗಳು ಇದನ್ನೆಲ್ಲ ಕೇಳಿದಳು. ಚಿಕ್ಕಮ್ಮ ಅಡಿಕೆ ಸುಲಿಯುತ್ತಾ ತಲೆ ಎತ್ತದೇ ಹೇಳಿದರು: "ನಮ್ಮನೇಲಿ ಅಂಥದ್ದೆಲ್ಲ ಯಾವತ್ತೂ ಇರಲಿಲ್ಲ ಮಾರಾಯ್ತಿ."