ಕೆಲಸ ಬಿಡುವ ಪತ್ರಕ್ಕೆ ಈಗಲೇ ಸಹಿ ಹಾಕಬೇಡಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಈ ಸಲದ ವಿಷಯ: ಕ್ಯಾನ್ಸರ್ ಚಿಕಿತ್ಸೆ ಮತ್ತು ನೌಕರಿ
ಉತ್ತರಿಸಿದವರು: ಕ್ಯಾನ್ಸರ್ ರೋಗಿಗಳ ಆಪ್ತ ಸಮಾಲೋಚಕಿ, ಮೈಸೂರು

ಪ್ರಶ್ನೆ: ಮೇಡಂ, ನನಗೆ 38 ವರ್ಷ. ಮದ್ದೂರು ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷದಿಂದ ಟೈಲರ್ ಕೆಲಸ. ಸ್ತನ ಕ್ಯಾನ್ಸರ್‌ಗೆ ಎಡಗಡೆ ಆಪರೇಷನ್ ಆಗಿದೆ, ಕಂಕುಳಿನ ಗಂಟುಗಳನ್ನೂ ತೆಗೆದಿದ್ದಾರೆ. ಈಗ ಮೂರು ವಾರಕ್ಕೊಮ್ಮೆ ಕೀಮೋ. ರಜೆ ಕೇಳಿದರೆ ಸೂಪರ್‌ವೈಸರ್, "ಸುಮ್ನೆ ರಾಜೀನಾಮೆ ಬರೆದುಕೊಡಿ, ಪಿಎಫ್ ದುಡ್ಡು ಸಿಗುತ್ತೆ. ಹುಷಾರಾದ ಮೇಲೆ ಮತ್ತೆ ಸೇರಿಸಿಕೊಳ್ಳೋಣ" ಅಂದರು. ಮನೆಯಲ್ಲೂ ಬಿಟ್ಟುಬಿಡು ಅನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಬರೆದುಕೊಡಬೇಡಿ. ಉಳಿದ ಮಾತೆಲ್ಲ ಆಮೇಲೆ.

ನಿಮ್ಮ ಸೂಪರ್‌ವೈಸರ್ ಒಳ್ಳೆ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಅವರು ಕೊಟ್ಟಿದ್ದು ಬಾಯಿಮಾತು, ನೀವು ಕೊಡುವುದು ಸಹಿ. ನಾಳೆ ಅವರೇ ಬೇರೆ ಯೂನಿಟ್‌ಗೆ ಹೋದರೆ ಯಾರನ್ನು ಕೇಳುತ್ತೀರಿ? ಕೆಲಸ ಕಳೆದುಕೊಂಡು ನನ್ನ ಮುಂದೆ ಬಂದು ಕೂರುವವರಲ್ಲಿ ಎಷ್ಟೋ ಜನರನ್ನು ಯಾರೂ ಹೊರಗೆ ಹಾಕಿರುವುದಿಲ್ಲ. ಚಿಕಿತ್ಸೆಯ ಗಾಬರಿಯಲ್ಲಿ ತಾವೇ ಸಹಿ ಹಾಕಿ ಬಂದಿರುತ್ತಾರೆ.

ಮೊದಲು ಪೇ ಸ್ಲಿಪ್ ತೆಗೆದು ನೋಡಿ. ಇಎಸ್‌ಐ (ನೌಕರರ ರಾಜ್ಯ ವಿಮೆ) ಅಂತ 0.75 ಪರ್ಸೆಂಟ್ ಹಿಡಿಯುತ್ತಿದ್ದರೆ ನೀವು ಅದರ ಸದಸ್ಯೆ. ಮಾಮೂಲಿ ಕಾಯಿಲೆಗೆ ಇಎಸ್‌ಐ ವರ್ಷಕ್ಕೆ 91 ದಿನ, ಸಂಬಳದ 70 ಪರ್ಸೆಂಟ್ ಭತ್ಯೆ ಕೊಡುತ್ತದೆ. ಕ್ಯಾನ್ಸರ್ ಅವರ ದೀರ್ಘಾವಧಿ ಕಾಯಿಲೆಗಳ ಪಟ್ಟಿಯಲ್ಲಿದೆ. ಹಾಗಾಗಿ 91 ದಿನ ಮುಗಿದ ಮೇಲೂ 80 ಪರ್ಸೆಂಟ್ ಲೆಕ್ಕದಲ್ಲಿ, ಎರಡು ವರ್ಷದವರೆಗೂ ಮುಂದುವರಿಸಲು ಅವಕಾಶ ಇದೆ. ಇದಕ್ಕೆ ಎರಡು ವರ್ಷ ಸತತವಾಗಿ ಇಎಸ್‌ಐ ಅಡಿಯಲ್ಲಿ ಕೆಲಸ ಮಾಡಿರಬೇಕು, ಹಿಂದಿನ ಎರಡು ವರ್ಷದಲ್ಲಿ 156 ದಿನದ ವಂತಿಗೆ ಕಟ್ಟಿರಬೇಕು. ನಾಲ್ಕು ವರ್ಷದಿಂದ ಕೆಲಸದಲ್ಲಿರುವ ನಿಮಗೆ ಅದು ಕಷ್ಟ ಆಗಲಾರದು. ಸರ್ಟಿಫಿಕೇಟ್ ಮಾತ್ರ ಇಎಸ್‌ಐ ಡಾಕ್ಟರ್‌ದೇ ಆಗಬೇಕು. ಆಪರೇಷನ್ ಬೇರೆ ಕಡೆ ಆಗಿದ್ದರೆ ಡಿಸ್ಚಾರ್ಜ್ ಸಮರಿ, ಬಯಾಪ್ಸಿ ರಿಪೋರ್ಟ್ ಹಿಡಿದುಕೊಂಡು ಈ ವಾರವೇ ನಿಮ್ಮ ಡಿಸ್ಪೆನ್ಸರಿಗೆ ಹೋಗಿ.

ಪಿಎಫ್ ದುಡ್ಡಿಗೆ ಕೆಲಸ ಬಿಡಲೇಬೇಕು ಅನ್ನುವುದು ತಪ್ಪು ತಿಳಿವಳಿಕೆ. ಕ್ಯಾನ್ಸರ್ ಚಿಕಿತ್ಸೆಗೆ ಸರ್ವಿಸ್‌ನಲ್ಲಿ ಇದ್ದುಕೊಂಡೇ ಮುಂಗಡ ತೆಗೆಯಬಹುದು, ಅದನ್ನು ವಾಪಸ್ ಕಟ್ಟಬೇಕಾಗಿಲ್ಲ. ಜೊತೆಗೆ, ಐದು ವರ್ಷ ತುಂಬಿದರೆ ನಿಮಗೆ ಗ್ರಾಚ್ಯುಟಿ ಬರುತ್ತದೆ. ಕಾಯಿಲೆಯ ರಜೆಯಿಂದ ಸರ್ವಿಸ್ ತುಂಡಾಗುವುದಿಲ್ಲ. ರಾಜೀನಾಮೆಯಿಂದ ಆಗುತ್ತದೆ.

ಒಂದು ಮಾತು ಮುಚ್ಚಿಡದೆ ಹೇಳಬೇಕು. ಕ್ಯಾನ್ಸರ್ ಬಂದವರನ್ನು ಕೆಲಸದಲ್ಲಿ ಉಳಿಸಿಕೊಳ್ಳಲೇಬೇಕು ಅಂತ ಖಾಸಗಿ ಫ್ಯಾಕ್ಟರಿಗೆ ಹೇಳುವ ಗಟ್ಟಿ ಕಾನೂನು ನಮ್ಮಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲೂ ಕ್ಯಾನ್ಸರ್ ಇಲ್ಲ. ಇದು ಅನ್ಯಾಯ ಅಂತಲೇ ನನಗೆ ಅನಿಸುತ್ತದೆ. ಅದಕ್ಕೇ ಬಾಯಲ್ಲಿ ಬೇಡಿಕೊಳ್ಳುವುದಕ್ಕಿಂತ ಕಾಗದ ಮುಖ್ಯ. ರಜೆ ಅರ್ಜಿಯನ್ನು ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೊಡಿ, ಒಂದು ಕಾಪಿಗೆ ಸೀಲು ಹಾಕಿಸಿ ಇಟ್ಟುಕೊಳ್ಳಿ. ಯೂನಿಯನ್ ಇದ್ದರೆ ಅವರಿಗೂ ತಿಳಿಸಿ.

ವಾಪಸ್ ಹೋಗುವ ದಿನ ಬಂದಾಗ ಡಾಕ್ಟರ್ ಹತ್ತಿರ ಇನ್ನೊಂದು ಪತ್ರ ಕೇಳಿ. ಸಾಮಾನ್ಯವಾಗಿ "ಲಘು ಕೆಲಸ ಮಾಡಬಹುದು" ಅಂತ ಒಂದು ಸಾಲು ಬರೆದುಕೊಡುತ್ತಾರೆ. ಲೈನ್‌ನಲ್ಲಿ ಲಘು ಕೆಲಸ ಅಂದರೆ ಯಾವುದು? ಫ್ಲೋರ್ ಇನ್‌ಚಾರ್ಜ್‌ಗೆ ಅರ್ಥವಾಗುವ ಹಾಗೆ ಬರೆಸಬೇಕು. ಉದಾಹರಣೆಗೆ: "ಎಡಗೈಯಲ್ಲಿ ಭಾರದ ಬಂಡಲ್ ಎತ್ತಿಸಬೇಡಿ. ಸ್ಟೀಮ್ ಐರನ್ ಹತ್ತಿರ ಹಾಕಬೇಡಿ. ಬೆರಳು ಜೋಮು ಇರುವವರೆಗೆ ಮಷೀನ್ ಬದಲು ಚೆಕ್ಕಿಂಗ್ ಕೊಡಿ. ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸುತ್ತೇನೆ."

ಪ್ರತಿ ಸಾಲಿಗೂ ಕಾರಣ ಇದೆ. ಕಂಕುಳಿನ ಗಂಟು ತೆಗೆದ ಕಡೆ ಕೈಗೆ ಬಾವು ಬರುವ ಸಾಧ್ಯತೆ ಇರುತ್ತದೆ. ಒಂದು ಸುಟ್ಟಗಾಯ, ಒಂದು ಸೂಜಿ ಚುಚ್ಚಿದ ಗಾಯಕ್ಕೆ ಸೋಂಕಾದರೂ ಸಾಕು, ಬಾವು ಶುರುವಾಗಬಹುದು. ಕೆಲವು ಕೀಮೋ ಔಷಧಿಗಳಿಂದ ಬೆರಳ ತುದಿ ಮರಗಟ್ಟುತ್ತದೆ. ಸೂಜಿ ಬೆರಳಿಗೆ ಇಳಿದಿದ್ದು ರಕ್ತ ಕಂಡ ಮೇಲೆಯೇ ಗೊತ್ತಾಗುತ್ತದೆ. ಹಾಗಂತ ಕೈಯನ್ನು ಸುಮ್ಮನೆ ಕಟ್ಟಿಕೊಂಡು ಕೂರಬೇಡಿ. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ ಮಾಡಿದಷ್ಟೂ ಒಳ್ಳೆಯದು.

ಕೀಮೋ ನಡೆಯುವಾಗಲೇ ಕೆಲಸಕ್ಕೆ ಹೋಗುವವರೂ ಇದ್ದಾರೆ. ಕೂತು ಮಾಡುವ ಆಫೀಸ್ ಕೆಲಸ ಆದರೆ ಆಗಬಹುದು. ಟಾರ್ಗೆಟ್ ಇರುವ ಲೈನ್‌ಗೆ, ಅದೂ ವ್ಯಾನ್‌ನಲ್ಲಿ ಒತ್ತಿಕೊಂಡು ಹೋಗುವವರಿಗೆ ನಾನು ಬೇಡ ಅನ್ನುತ್ತೇನೆ. ಕೀಮೋ ಆದ ಏಳರಿಂದ ಹದಿನಾಲ್ಕು ದಿನದ ನಡುವೆ ಬಿಳಿ ರಕ್ತಕಣ ಜಾಸ್ತಿ ಇಳಿದಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ನುಂಗಿ ಮಲಗುವ ಹಾಗಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು.

ಮನೆಯವರು ಪ್ರೀತಿಯಿಂದಲೇ ಬಿಡು ಅನ್ನುತ್ತಿದ್ದಾರೆ. ಈ ಪುಟವನ್ನು ಅವರಿಗೂ ಓದಿಸಿ.

ಪ್ರಶ್ನೆ: ಮೈಸೂರಿನ ಹೆಬ್ಬಾಳದಲ್ಲಿ ನನ್ನದು ಹನ್ನೆರಡು ಜನರ ವರ್ಕ್‌ಶಾಪ್. ಹಳೇ ಟರ್ನರ್ ಒಬ್ಬರಿಗೆ ಗಂಟಲು ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆ ತೆಗೆದಿದ್ದಾರೆ. ವಾಪಸ್ ಬರುತ್ತೇನೆ ಅಂತ ಚೀಟಿ ಬರೆದು ತೋರಿಸಿದರು. ನನಗೂ ಅವರು ಬೇಕು. ಲೇತ್ ಮಷೀನ್ ಮೇಲೆ ನಿಲ್ಲಿಸಬಹುದಾ?
— ವರ್ಕ್‌ಶಾಪ್ ಮಾಲೀಕರು

ಉತ್ತರ: ಸರ್, ನೀವು ಹೀಗೆ ಕೇಳಿದ್ದೇ ದೊಡ್ಡದು. ಅವರನ್ನು ಕರೆಸಿಕೊಳ್ಳಿ, ಆದರೆ ಜಾಗ ನೋಡಿ ಕೊಡಿ.

ಅವರು ಈಗ ಉಸಿರಾಡುವುದು ಕುತ್ತಿಗೆಯ ರಂಧ್ರದಿಂದ. ಮೂಗಿನಲ್ಲಿ ಸೋಸಿ ಹೋಗುತ್ತಿದ್ದ ಧೂಳು ಈಗ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗಾಗಿ ಗ್ರೈಂಡಿಂಗ್, ವೆಲ್ಡಿಂಗ್ ಹತ್ತಿರ ಬೇಡ, ಕೂಲೆಂಟ್ (ತಂಪು ಮಾಡುವ ದ್ರವ) ಸಿಡಿಯುವ ಮಷೀನ್ ಕೂಡ ಬೇಡ. ರಂಧ್ರದ ಮೇಲೆ ಸದಾ ಬಟ್ಟೆಯ ಹೊದಿಕೆ ಅಥವಾ ಫಿಲ್ಟರ್ ಇರಬೇಕು, ಆದರೆ ತುದಿ ಸಡಿಲವಾಗಿ ಜೋತಾಡಿ ಮಷೀನಿನ ತಿರುಗುವ ಚಕ್‌ಗೆ ಸಿಗಬಾರದು. ಭಾರ ಎತ್ತುವಾಗ ನಾವು ಉಸಿರು ಬಿಗಿಹಿಡಿಯುತ್ತೇವಲ್ವಾ? ಅವರಿಗೆ ಅದು ಮೊದಲಿನ ಹಾಗೆ ಆಗುವುದಿಲ್ಲ. ವಾಸನೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಗ್ಯಾಸ್ ಲೀಕ್ ಆದರೆ, ವೈರ್ ಸುಟ್ಟರೆ ಮೂಗು ಹೇಳುವುದಿಲ್ಲ, ಕೂಗಿ ಕರೆಯಲೂ ಆಗುವುದಿಲ್ಲ. ಒಬ್ಬರನ್ನೇ ರಾತ್ರಿ ಪಾಳಿಗೆ ಹಾಕಬೇಡಿ. ಕೈಗೆ ಸಿಗುವ ಕಡೆ ಒಂದು ಕಾಲಿಂಗ್ ಬೆಲ್ ಹಾಕಿಸಿ.

ಅವರ ಅನುಭವ ಇನ್‌ಸ್ಪೆಕ್ಷನ್‌ಗೆ, ಹೊಸ ಹುಡುಗರಿಗೆ ಸೆಟ್ಟಿಂಗ್ ಕಲಿಸುವುದಕ್ಕೆ ಚೆನ್ನಾಗಿ ಒದಗುತ್ತದೆ. ಮೈಕ್ರೋಮೀಟರ್ ಹಿಡಿಯಲು ಧ್ವನಿ ಬೇಕಾಗಿಲ್ಲ.

ಮಾತು ಮತ್ತೆ ಕಲಿಯಲು ನಮ್ಮೂರಲ್ಲೇ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಅನ್ನನಾಳದಿಂದ ಗಾಳಿ ಹೊರಡಿಸಿ ಮಾತಾಡುವುದು, ಕುತ್ತಿಗೆಗೆ ಹಿಡಿದು ಮಾತಾಡುವ ಯಂತ್ರ, ಹೀಗೆ ದಾರಿಗಳಿವೆ. ತರಬೇತಿಗೆ ಹೋಗುವ ದಿನ ಅರ್ಧ ದಿನದ ರಜೆ ಕೊಡಿ, ಸಂಬಳ ಹಿಡಿಯಬೇಡಿ.

ಇನ್ನೊಂದು ಕೆಲಸ ನೀವೇ ಮುಂದೆ ನಿಂತು ಮಾಡಿಸಬಹುದು. ಧ್ವನಿಪೆಟ್ಟಿಗೆ ತೆಗೆದಾಗ ಬರುವ ಮಾತಿನ ತೊಂದರೆ ಆ 2016ರ ಕಾಯ್ದೆಯ ಪಟ್ಟಿಯಲ್ಲಿ ಸೇರಿದೆ. ಅವರು ಯುಡಿಐಡಿ ಕಾರ್ಡ್‌ಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಬಹುದು. ಹತ್ತು ಜನ ದಾಟಿದ ವರ್ಕ್‌ಶಾಪ್ ಆದ್ದರಿಂದ ನಿಮ್ಮಲ್ಲಿ ಇಎಸ್‌ಐ ಇರಲೇಬೇಕು. ಇಲ್ಲದಿದ್ದರೆ ಮೊದಲು ಅದನ್ನು ಸರಿ ಮಾಡಿಸಿ.