ಖಾಲಿ ಸೈಟಿನ ಗಿಡಕ್ಕೆ ಔಷಧಿ ಹೊಡೆಸಬೇಕಾ?

ಪ್ರಶ್ನೆ: ನಮ್ಮ ಮನೆ ಪಕ್ಕ ಒಂದು ಖಾಲಿ ಸೈಟಿದೆ. ಮಳೆ ಬಿದ್ದರೆ ಸಾಕು, ಮೊಣಕಾಲುದ್ದ ಗಿಡ ಬೆಳೆಯುತ್ತದೆ. ಹಾವಿನ ಭಯಕ್ಕೆ ಅಕ್ಕಪಕ್ಕದವರು ಕಳೆನಾಶಕ ಹೊಡೆಸೋಣ ಅಂತಾರೆ. ನಮ್ಮತ್ತೆಗೆ ಅಲ್ಲಿನ ತುಂಬೆ, ಗಣಿಕೆ ಸೊಪ್ಪು ಬೇಕು. ಏನು ಮಾಡಲಿ?
— ಓದುಗರು, ವಿದ್ಯಾನಗರ, ಹಾಸನ

ಉತ್ತರ: ನಿಮ್ಮತ್ತೆಯವರ ಮಾತು ಕೇಳಿ ತಾಯಿ. ಕಳೆನಾಶಕ ಬೇಡವೇ ಬೇಡ. ಅದು ತುಂಬೆ, ಗರಿಕೆ, ನೆಲನೆಲ್ಲಿ ಎಲ್ಲವನ್ನೂ ಒಟ್ಟಿಗೆ ಸುಡುತ್ತದೆ. ಬರಿದಾದ ನೆಲಕ್ಕೆ ಮೊದಲು ನುಗ್ಗುವುದು ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಜೆಸಿಬಿಯಲ್ಲಿ ಕೆರೆಸಿದರೂ ಇದೇ ಕಥೆ.

ನಾನು ಹಾಸನದಲ್ಲೇ ಸಸ್ಯಶಾಸ್ತ್ರ ಪಾಠ ಮಾಡಿದವನು. ಮಕ್ಕಳನ್ನು ಬಿಸಿಲೆ ಕಾಡಿಗೆ ಕರೆದೊಯ್ಯುವ ಮುಂಚೆ ಸಾಲಗಾಮೆ ರಸ್ತೆಯ ಖಾಲಿ ಸೈಟುಗಳಲ್ಲಿ ಸುತ್ತಿಸುತ್ತಿದ್ದೆ. ಎಕ್ಕದ ಎಲೆ ಮಗುಚಿದರೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಾಣುತ್ತಿತ್ತು. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕ ಮತ್ತು ಅದರ ಬಳಗದ ಗಿಡಗಳೇ ಅದಕ್ಕೆ ಊಟ. ಮೂರೆಲೆಯ ಪುಟ್ಟ ಹುಳಿಸೊಪ್ಪು ನೆಲಕ್ಕೆ ಹರಡಿರುತ್ತದಲ್ಲ, ಅದರ ಮೇಲೆ ಉಗುರಿನಷ್ಟು ಚಿಕ್ಕ ನೀಲಿ ಚಿಟ್ಟೆ ಮೊಟ್ಟೆ ಇಡುತ್ತದೆ. ನಾವು ಸುಮ್ನೆ ಕಳೆ ಅನ್ನುವುದು ಇದನ್ನೆಲ್ಲ! ನರ್ಸರಿಯಿಂದ ತಂದ ಕ್ರೋಟನ್ ಸಾಲಿನಿಂದ ಈ ಜಾಗ ತುಂಬುವುದಿಲ್ಲ.

ಕೀಳಬೇಕಾದ್ದು ಕಾಂಗ್ರೆಸ್ ಗಿಡ. ಹೂ ಬಿಡುವ ಮುಂಚೆ, ಮಳೆಗೆ ನೆಲ ನೆನೆದಿರುವಾಗ ಬೇರುಸಹಿತ ಕೀಳಿಸಿ. ಕೈಗವಸು ಇರಲೇಬೇಕು. ಕೆಲವರಿಗೆ ಮೈ ಕೆರೆತ ಜಾಸ್ತಿ ಆಗುತ್ತದೆ, ಉಬ್ಬಸವೂ ಬರುತ್ತದೆ. ಕಿತ್ತ ಜಾಗಕ್ಕೆ ತಗಚೆ ಬೀಜ ಎರಚಿ. ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ಸನ್ನು ಮೇಲೇಳಲು ಬಿಡುವುದಿಲ್ಲ. ಹಳದಿ ಚಿಟ್ಟೆಗಳಿಗೂ ತಗಚೆ ಇಷ್ಟ.

ಹಾವಿನ ವಿಷಯ. ಅದು ಬರುವುದು ಇಲಿ ಹುಡುಕಿಕೊಂಡು, ಇಲಿ ಬರುವುದು ಕಸಕ್ಕೆ. ಕಸ, ಇಟ್ಟಿಗೆ ರಾಶಿ ತೆಗೆಸಿ. ಕಾಂಪೌಂಡ್ ಉದ್ದಕ್ಕೂ ನಾಲ್ಕಡಿ ಅಗಲ ಕುಡುಗೋಲಿನಿಂದ ಸವರಿಸಿ.

ಗಣಿಕೆ, ಅಣ್ಣೆ, ಹೊನಗೊನ್ನೆ ಬೆರಕೆ ಸೊಪ್ಪಿನ ಸಾರಿಗೆ ಬಹಳ ಚೆನ್ನ. ಆದರೆ ಚರಂಡಿ ಪಕ್ಕದ್ದು, ಔಷಧಿ ಬಿದ್ದದ್ದು ಬೇಡ. ಅತ್ತೆಯವರಿಗೆ ಗುರುತು ಖಾತ್ರಿ ಇರುವುದನ್ನು ಮಾತ್ರ ಕೊಯ್ಯಿರಿ.

ಇದಕ್ಕೆಲ್ಲ ಮೊದಲು ಸೈಟಿನ ಯಜಮಾನರ ಹತ್ತಿರ ಮಾತಾಡಿ. ಅವರು ಇವತ್ತಲ್ಲ ನಾಳೆ ಮನೆ ಕಟ್ಟುತ್ತಾರೆ. ಅಷ್ಟರಲ್ಲಿ ಒಣಗಿದ ತುಂಬೆ ಕದಿರು ತಂದು ನಿಮ್ಮ ಹಿತ್ತಿಲಲ್ಲಿ ಉದುರಿಸಿಬಿಡಿ.