ಮೊದಲ ವಿನೈಲ್ ಕಟರ್ (ಸ್ಟಿಕ್ಕರ್ ಹಾಳೆಯನ್ನು ಬ್ಲೇಡ್‌ನಿಂದ ಕತ್ತರಿಸುವ ಯಂತ್ರ) ಅಗ್ಗದ್ದಾದರೆ ಸಾಕೇ? ಅದನ್ನು ಹೊಂದಿಸುವುದು ಹೇಗೆ?

ಸಾಕು, ಏನು ಕತ್ತರಿಸುತ್ತೀರಿ ಎಂಬುದು ಮೊದಲು ಗೊತ್ತಿದ್ದರೆ. ಮಗ್, ಲ್ಯಾಪ್‌ಟಾಪ್ ಸ್ಟಿಕ್ಕರ್‌ಗಳಿಗೆ 12 ಇಂಚಿನ ಮೇಜಿನ ಯಂತ್ರ ಧಾರಾಳ. ವಾಹನ, ಅಂಗಡಿಯ ಗಾಜು ಎಂದರೆ 24 ಇಂಚಿನ ರೋಲ್ ಹಿಡಿಯುವ ಪ್ಲಾಟರ್, ಅಂದರೆ ದೊಡ್ಡ ಕಟರ್, ಬೇಕು. ರೇಡಿಯಂ ಅಂಗಡಿಗಳಲ್ಲಿ ನೋಡಿರುತ್ತೀರಿ. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ಪರ್ (ಹೆಜ್ಜೆಹೆಜ್ಜೆಯಾಗಿ ತಿರುಗುವ) ಮೋಟಾರ್ ಇರುತ್ತದೆ: ಸದ್ದು ಹೆಚ್ಚು, ವೇಗ ಕಡಿಮೆ. ಕಲಿಯುವವರಿಗೆ ಅದು ಕೊರತೆಯಲ್ಲ. ನಿಮ್ಮ ಕಂಪ್ಯೂಟರ್‌ನಲ್ಲಿ ಅದರ ತಂತ್ರಾಂಶ ನಡೆಯುತ್ತದೆಯೇ, ಬ್ಲೇಡ್ ಸುಲಭವಾಗಿ ಸಿಗುತ್ತದೆಯೇ ಎಂದು ಮಾತ್ರ ಕೊಳ್ಳುವ ಮೊದಲೇ ವಿಚಾರಿಸಿ.

ಹೊಸಬರು ಎಡವುವುದು ಬ್ಲೇಡ್‌ನಲ್ಲಿ. ಅದನ್ನು ಅತಿಯಾಗಿ ಹೊರಚಾಚಿ, ಹಿಂಬದಿಯ ಕಾಗದವನ್ನೂ ಸೀಳಿ, ಯಂತ್ರವನ್ನು ಬೈಯುತ್ತಾರೆ. ಸಾಧಾರಣ ವಿನೈಲ್‌ಗೆ 45 ಡಿಗ್ರಿ ಬ್ಲೇಡ್ ಹಾಕಿ. ಬ್ಲೇಡ್ ಕೂರಿಸಿದ ಹೋಲ್ಡರ್ ಅನ್ನು ಕೈಯಲ್ಲೇ ಹಿಡಿದು ತುಂಡೊಂದರ ಮೇಲೆ ಎಳೆದು ನೋಡಿ: ವಿನೈಲ್ ಕತ್ತರಿಸಿ, ಕಾಗದದ ಮೇಲೆ ತೆಳುಗೀರು ಮಾತ್ರ ಉಳಿಯಬೇಕು. ಬಳಿಕ ಒತ್ತಡವನ್ನು 80 ಗ್ರಾಂನಿಂದ ಆರಂಭಿಸಿ, ಸಣ್ಣ ಚೌಕವೊಂದನ್ನು ಕತ್ತರಿಸುತ್ತಾ ಸ್ವಲ್ಪಸ್ವಲ್ಪವೇ ಏರಿಸಿ. ಚೌಕದ ಮೂಲೆಗಳು ದುಂಡಗಾದರೆ ಬ್ಲೇಡ್ ಆಫ್‌ಸೆಟ್ (ಬ್ಲೇಡ್ ತುದಿಗೂ ಹೋಲ್ಡರ್‌ನ ನಡುಬಿಂದುವಿಗೂ ಇರುವ ಅಂತರ) ತಪ್ಪಿದೆ. ಅನೇಕ ಬ್ಲೇಡ್‌ಗಳಿಗೆ ಅದು 0.25 ಮಿ.ಮೀ.

ಕನ್ನಡ ಬರಹಕ್ಕೆ ಇನ್ನೊಂದು ಕೆಲಸವಿದೆ. ಅನೇಕ ಫಾಂಟ್‌ಗಳಲ್ಲಿ ಅಕ್ಷರದ ಭಾಗಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಹಾಗೆಯೇ ಕಳುಹಿಸಿದರೆ ತಲೆಕಟ್ಟು, ಕೊಂಬುಗಳ ನಡುವೆಯೇ ಬ್ಲೇಡ್ ಓಡುತ್ತದೆ. ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ಬರಹವನ್ನು ಪಾತ್ (ಗೆರೆಗಳ ಆಕಾರ) ಆಗಿಸಿ, ಯೂನಿಯನ್ ಕೊಟ್ಟು ಭಾಗಗಳನ್ನು ಒಂದಾಗಿಸಿದ ಮೇಲೆಯೇ ಕತ್ತರಿಸಿ. ತೆಳ್ಳನೆಯ ಒತ್ತಕ್ಷರಗಳು ಬೇಡದ ವಿನೈಲ್ ಕೀಳುವಾಗ ಜೊತೆಗೇ ಎದ್ದುಬರುತ್ತವೆ, ಆದ್ದರಿಂದ ದಪ್ಪ ಫಾಂಟ್ ಆರಿಸಿ.